ಕಾಗದಕ್ಕೆ ಒಂದು ಚೆಂಡು ಮಲ್ಲಿಗೆ

ಮಂಗಳೂರಿನ ಹತ್ತಿರ ಅಡ್ಯಾರಿನಲ್ಲಿ, ನೇತ್ರಾವತಿ ಹೊಳೆಬದಿಯಲ್ಲಿರುವ ನಮ್ಮ ಹಳೆಮನೆಯ ಅಟ್ಟದಲ್ಲಿ ಅಜ್ಜನ ಟ್ರಂಕು ಉಂಟು. ಅಜ್ಜ ಮುಂಬಯಿಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿಗೆ ವಾಪಸು ಬರುವಾಗ ತಂದದ್ದು ಎರಡೇ. ಈ ಟ್ರಂಕು, ಮತ್ತೆ ಯಾರು ಎಷ್ಟು ದೋಸೆ ತಿಂದರು ಎಂದು ಎಣಿಸುವ ಅಭ್ಯಾಸ. ಅಭ್ಯಾಸ ಅಜ್ಜನ ಜೊತೆ ಹೋಯಿತು. ಟ್ರಂಕು ಉಳಿಯಿತು.

ಕಳೆದ ಮಳೆಗಾಲದಲ್ಲಿ ನನಗೆ ವಂಶವೃಕ್ಷದ ಹುಚ್ಚು ಹಿಡಿಯಿತು. ಟ್ರಂಕು ಕೆಳಗಿಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ, ಒರಲೆ ತಿಂದ ಪಂಚಾಂಗ, ಅಡಿಕೆ ಮಂಡಿಯ ಚೀಟಿ, ಅರ್ಧ ಕನ್ನಡಕ. ಅಡಿಯಲ್ಲಿ ಕಾಗದಗಳ ಕಟ್ಟು.

ಪ್ರತಿ ಕಾಗದದ ನಡುವೆ ಒಂದು ತೂತು. ಓದಿ ಆದದ್ದನ್ನು ಸರಿಗೆಗೆ ಚುಚ್ಚಿ ನೇತುಹಾಕುತ್ತಿದ್ದರಲ್ಲ, ಅದು. ಈ ತೂತು ಬಿದ್ದ ಜಾಗ ನೋಡಬೇಕು ನೀವು. 'ಇಲ್ಲಿ ಎಲ್ಲರೂ ಕ್ಷೇಮ' ಎಂಬಲ್ಲಿ ಒಂದೂ ಬಿದ್ದಿಲ್ಲ. ಹೆಸರು, ಮೊತ್ತ, ಸಾಲ ಯಾರದ್ದು ಎಂಬಲ್ಲಿ ಮಾತ್ರ ಗುರಿಯಿಟ್ಟ ಹಾಗೆ ಬಿದ್ದಿದೆ. ಯಾರೋ ನಮಗೆ ಎಷ್ಟೋ ರೂಪಾಯಿ ಕೊಡಬೇಕು ಎಂದು ಒಂದು ಕಾಗದದಲ್ಲಿ ಸ್ಪಷ್ಟವಾಗಿ ಉಂಟು. ಆ ಯಾರೋ ಎಂಬವರ ಮೊಮ್ಮಕ್ಕಳು ಈಗಲೂ ನಿಶ್ಚಿಂತೆಯಿಂದ ಓಡಾಡಿಕೊಂಡಿರಬೇಕು.

ಇನ್ನೊಂದು ತೊಂದರೆ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವುದು ನಮ್ಮಲ್ಲಿ ಕ್ರಮ. ಮನೆಯೊಳಗೆ ಇಡುವ ಹಾಗಿಲ್ಲ. ಅರಶಿನ ಹಚ್ಚಿದ ಮದುವೆಯ ಕಾಗದ ಮಾತ್ರ ಉಳಿಯುತ್ತದೆ. ಹಾಗಾಗಿ ಟ್ರಂಕಿನ ಲೆಕ್ಕದಲ್ಲಿ ನಮ್ಮ ಕುಟುಂಬದ ಎಲ್ಲರಿಗೂ ಮದುವೆಯಾಗಿದೆ, ಒಬ್ಬರೂ ಸತ್ತಿಲ್ಲ. ಅಜ್ಜನ ಚಿಕ್ಕಪ್ಪನೊಬ್ಬರ ಮದುವೆಯ ಕಾಗದ ಮೂರು ಸಿಕ್ಕಿತು. ಒಬ್ಬರು ಹೋದ ಮೇಲೆ ಒಬ್ಬರೋ, ಮೂವರೂ ಒಟ್ಟಿಗೋ, ಟ್ರಂಕು ಬಾಯಿ ಬಿಡುವುದಿಲ್ಲ.

ಪೇಪರ್ ತುಂಡುಗಳದ್ದು ಬೇರೆಯೇ ಕತೆ. ಒಂದು ತುಂಡಿನ ಈ ಬದಿಯಲ್ಲಿ ಉಡುಪಿ ಪರ್ಯಾಯದ ಸುದ್ದಿ, ಆ ಬದಿಯಲ್ಲಿ ಯಕ್ಷಗಾನ ಮೇಳದ 'ಇಂದಿನ ಆಟ'. ಅಜ್ಜ ಕತ್ತರಿಸಿ ಇಟ್ಟದ್ದು ಪರ್ಯಾಯದ್ದು ಎಂದು ಅಮ್ಮನ ವಾದ. ನನಗೆ ಅಜ್ಜನ ಮೇಲೆ ಅಷ್ಟು ಭರವಸೆ ಇಲ್ಲ.

ಕಾಗದ ಯಾವ ಕಾಲದ್ದು ಎಂದು ಹೇಳಲು ಕೆಲವು ಉಪಾಯ ಕಲಿತುಕೊಂಡೆ. ಸ್ಟಾಂಪಿನಲ್ಲಿ ನಯಾ ಪೈಸೆ ಕಂಡರೆ 1957ರ ಈಚಿನದ್ದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಆದರೆ ನನ್ನ ಮಾನ ಕಳೆದ ಕಾಗದಕ್ಕೆ ಕವರೇ ಇರಲಿಲ್ಲ. ಸುಮ್ನೆ ಒಂದು ಹಾಳೆ. ಮೇಲೆ 'ಆನಂದ ಸಂವತ್ಸರ, ಆಟಿ 14'. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಆಮೇಲೆ 'ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ. ಹೊಳೆ ಜಗಲಿ ಹತ್ತಿತು. ದನಗಳನ್ನು ಗುಡ್ಡೆಗೆ ಹೊಡೆದೆವು. ಅಕ್ಕಿ ಮುಡಿಗಳನ್ನು ಅಟ್ಟಕ್ಕೆ ಏರಿಸಿದೆವು.' ಬರೆದವರ ಹೆಸರಿನ ಮೇಲೆ ತೂತು. ಕೊನೆಯ ಸಾಲನ್ನು ಹುಳ ತಿಂದು ಉಳಿದದ್ದು 'ಸೆಲ್ಲು ನಾಲ್ಕು' ಎಂಬ ಎರಡೇ ಪದ.

ಸಂವತ್ಸರಗಳು 60. ಮುಗಿದರೆ ಮತ್ತೆ ಮೊದಲಿನಿಂದ. ಆನಂದ ಎಂದರೆ ಒಂದೋ 1914, ಇಲ್ಲವೇ 1974. ಕಾಗದ ಹಳದಿಯಾಗಿತ್ತು. ಹಳತಾದಷ್ಟೂ ಗೌರವ ಜಾಸ್ತಿ, ಅಲ್ವಾ? ನಾನು 1914 ಎಂದೆ. ಅಂದರೆ ಇದು ಮುತ್ತಜ್ಜನ ಕೈಬರಹ. ನೇತ್ರಾವತಿಯ 1923ರ ದೊಡ್ಡ ನೆರೆ, ತುಳುವಿನಲ್ಲಿ 'ಬೊಳ್ಳ', ಊರಿಗೆಲ್ಲ ಗೊತ್ತು. 1914ರ ನೆರೆಯನ್ನು ಕಂಡುಹಿಡಿದವನು ನಾನೊಬ್ಬನೇ.

'ಸೆಲ್ಲು' ಮಾತ್ರ ಎರಡು ದಿನ ಕಾಡಿತು. ಮೂರನೇ ದಿನ ಹೊಳೆಯಿತು. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಮೇಲೆ ಶೆಲ್ ಹಾರಿಸಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸಿಗೇ ಸೇರಿದ್ದು. ಅದರ ಸುದ್ದಿ ಮುತ್ತಜ್ಜನ ಕಾಗದದಲ್ಲಿ!

"ಅಪ್ಪಾ, ಆಟಿ 14 ಅಂದ್ರೆ ಜುಲೈ ಕೊನೆ. ಹಡಗು ಬಂದದ್ದು ಸೆಪ್ಟೆಂಬರಲ್ಲಿ. ಮುತ್ತಜ್ಜ ಮೊದಲೇ ಹೇಗೆ ಬರೆದ್ರು?" ಎಂದಳು ಮಗಳು.

"ಆಗಿನವರು ಕಾಗದ ನಿಧಾನಕ್ಕೆ ಬರೀತಿದ್ರು," ಎಂದೆ.

ಫ್ರೇಮು ಹಾಕಿಸಿದೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಉದ್ದದ ಟಿಪ್ಪಣಿ ಕಳಿಸಿದೆ. ನಾಗರಪಂಚಮಿಗೆ ತಂಬಿಲದ ಪೂಜೆಗೆಂದು ಎಲ್ಲರೂ ಮನೆಗೆ ಬರುವವರಿದ್ದರು. ಚಾವಡಿಯಲ್ಲಿ ಮುತ್ತಜ್ಜನ ಫೋಟೋದ ಪಕ್ಕಕ್ಕೇ ಕಾಗದ ತೂಗುಹಾಕಿದೆ. ಪಂಚಮಿಯ ದಿನ ಮಲ್ಲಿಗೆಯ ರೇಟು ಕೇಳಬೇಡಿ. ಆದರೂ ಒಂದು ಚೆಂಡು ತಂದು ಫ್ರೇಮಿಗೆ ಹಾರ ಹಾಕಿ, ಎದುರಿಗೆ ಊದುಬತ್ತಿ ಹಚ್ಚಿದೆ. ಮಕ್ಕಳೆಲ್ಲ ಸಾಲಾಗಿ ಬಂದು ಅಡ್ಡಬಿದ್ದರು. ಅತ್ತೆ ಕಣ್ಣು ಒರೆಸಿಕೊಂಡರು.

ಬೆಂಗಳೂರಿನಿಂದ ದೊಡ್ಡಪ್ಪ ಬಂದದ್ದು ಸ್ವಲ್ಪ ತಡವಾಗಿ. ಅವರಿಗೆ ವಾಟ್ಸಾಪ್ ಇಲ್ಲ. ಕಾಲು ತೊಳೆದು ಒಳಗೆ ಬಂದವರು ಫ್ರೇಮಿನ ಎದುರು ನಿಂತರು. ಕನ್ನಡಕ ಹಾಕಿದರು. ಮಲ್ಲಿಗೆಯನ್ನು ಒಂದು ಬೆರಳಿನಿಂದ ಸರಿಸಿ ಓದಿದರು.

"ಇದು ನನ್ನ ಅಕ್ಷರ ಅಲ್ವಾ?"

"ಇಲ್ಲ ದೊಡ್ಡಪ್ಪ, ಮುತ್ತಜ್ಜನದ್ದು. ನಿಮ್ಮದೂ ಅವರ ಹಾಗೇ ಕಾಣ್ತದೆ, ನೋಡಿ."

"ನನ್ನ ಅಜ್ಜ ಹೆಬ್ಬೆಟ್ಟು ಮಾರಾಯ. ಅಕ್ಷರವೇ ಬರ್ತಿರಲಿಲ್ಲ."

ಚಾವಡಿ ತಣ್ಣಗಾಯಿತು. ಊದುಬತ್ತಿ ಮಾತ್ರ ತನ್ನ ಪಾಡಿಗೆ ಉರಿಯುತ್ತಿತ್ತು.

"ಎಪ್ಪತ್ತನಾಲ್ಕರ ಬೊಳ್ಳ ಬಂದಾಗ ಮುಂಬಯಿಗೆ ಅಪ್ಪನಿಗೆ ಬರೆದದ್ದು ನಾನು. ಅಲ್ಲ, ನನಗೆ ಹಾರವೂ ಹಾಕಿ ಆಯ್ತಾ?"

ಅತ್ತೆ ಓಡಿಬಂದು ಊದುಬತ್ತಿ ಕಿತ್ತರು. ಅಡ್ಡಬಿದ್ದ ಮಕ್ಕಳಲ್ಲಿ ಒಬ್ಬ, ಈಗ ಇನ್ನೊಮ್ಮೆ ಬೀಳಬೇಕಾ ಎಂದು ಕೇಳಿದ. ಮಗಳು ನನ್ನ ಮುಖ ನೋಡದೆ, "ದೊಡ್ಡಜ್ಜ, ಸೆಲ್ಲು ನಾಲ್ಕು ಅಂದ್ರೆ ಎಂತ?" ಎಂದಳು.

"ಟ್ರಾನ್ಸಿಸ್ಟರಿಗೆ. ಅದರಲ್ಲೇ ನೆರೆಯ ಸುದ್ದಿ ಕೇಳ್ತಿದ್ದದ್ದು, ನಡುವೆ ಸೆಲ್ಲು ಮುಗಿಯಿತು. ಬರುವಾಗ ನಾಲ್ಕು ಸೆಲ್ಲು ತನ್ನಿ ಅಂತ ಬರೆದಿದ್ದೆ." ದೊಡ್ಡಪ್ಪ ಅಜ್ಜನ ಫೋಟೋದ ಕಡೆ ತಿರುಗಿದರು. "ಪುಣ್ಯಾತ್ಮ ಟ್ರಂಕು ತಂದ್ರು. ಸೆಲ್ಲು ತರಲಿಲ್ಲ."

ಐವತ್ತು ವರ್ಷದ ಬಾಕಿ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ ನಾಲ್ಕು ಸೆಲ್ಲು ತಂದು ಅವರ ಕೈಗಿಟ್ಟೆ. ದೊಡ್ಡಪ್ಪ ಒಂದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಸಣ್ಣ ಸೆಲ್ಲು. ಅದಕ್ಕೆ ದೊಡ್ಡದು ಆಗ್ಬೇಕು."