ಗುಟ್ಟು ನಿಲ್ಲದ ಔಷಧ

1962ರ ಏಪ್ರಿಲ್ 20, ಗುಡ್ ಫ್ರೈಡೆ. ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನ ನೆಲಮಾಳಿಗೆಯಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 20 ವಿದ್ಯಾರ್ಥಿಗಳು ಪ್ರಾರ್ಥನೆಗೆ ಕುಳಿತಿದ್ದರು. ವಾಲ್ಟರ್ ಪಾಂಕೆ ಎಂಬ ವೈದ್ಯ ಅವರಲ್ಲಿ ಹತ್ತು ಮಂದಿಗೆ ಕೆಲವು ಜಾತಿಯ ಅಣಬೆಗಳಲ್ಲಿರುವ, ಪ್ರಜ್ಞೆಯನ್ನೇ ಬದಲಿಸುವ ಸೈಕೆಡೆಲಿಕ್ ಔಷಧ ಸಿಲೋಸೈಬಿನ್ ಕೊಟ್ಟಿದ್ದರು. ಉಳಿದ ಹತ್ತು ಮಂದಿಗೆ ಮೈ ಬಿಸಿಯಾಗಿಸಿ ಮುಖ ಕೆಂಪೇರಿಸುವ ನಯಾಸಿನ್ ಎಂಬ ವಿಟಮಿನ್. ನಯಾಸಿನ್ ನುಂಗಿದ ಕೆಲವರು ಮೊದಲಿಗೆ ನಿಜವಾದ ಔಷಧ ಸಿಕ್ಕಿದ್ದು ತಮಗೇ ಎಂದುಕೊಂಡರು. ಆದರೆ ಯಾರಿಗೆ ಏನು ಸಿಕ್ಕಿದೆ ಎಂಬುದು ಬೇಗನೆ ಎಲ್ಲರಿಗೂ ತಿಳಿದುಹೋಯಿತು.

ಆರು ದಶಕ ಕಳೆದರೂ ಈ ತೊಡಕು ಬಗೆಹರಿದಿಲ್ಲ. ಆಘಾತದ ನಂತರದ ಮಾನಸಿಕ ಒತ್ತಡಕ್ಕೆ ಎಂಡಿಎಂಎ ಎಂಬ, ಮನಃಸ್ಥಿತಿಯನ್ನು ಬದಲಿಸುವ ಔಷಧ ಬಳಸುವ ಚಿಕಿತ್ಸೆಯ ಮೂರನೇ ಹಂತದ ಎರಡನೇ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಂಡಿಎಂಎ ಪಡೆದವರಲ್ಲಿ ಶೇ. 94ರಷ್ಟು ಮಂದಿ, ಪ್ಲಾಸಿಬೊ, ಅಂದರೆ ಔಷಧವೇ ಇಲ್ಲದ ಹುಸಿಮದ್ದು ಪಡೆದವರಲ್ಲಿ ಶೇ. 75ರಷ್ಟು ಮಂದಿ ತಮಗೆ ಸಿಕ್ಕಿದ್ದೇನು ಎಂದು ಸರಿಯಾಗಿ ಊಹಿಸಿದ್ದರು. ಔಷಧದ ಗುಣವನ್ನು ರೋಗಿಯ ನಿರೀಕ್ಷೆಯಿಂದ ಬೇರ್ಪಡಿಸಿ ನೋಡುವುದಕ್ಕಾಗಿಯೇ ಯಾರಿಗೆ ಏನು ಸಿಕ್ಕಿದೆ ಎಂದು ರೋಗಿಗೂ ವೈದ್ಯರಿಗೂ ತಿಳಿಸದ ಡಬಲ್ ಬ್ಲೈಂಡ್ ವಿಧಾನ ಇರುವುದು. ಪ್ರಜ್ಞೆಯನ್ನೇ ಅಲುಗಾಡಿಸುವ ಔಷಧದ ಮುಂದೆ ಅದು ಕೈಕೊಡುತ್ತದೆ.

ಇಲ್ಲಿ ಎರಡು ಪಂಗಡಗಳು ಜಗಳಕ್ಕೆ ನಿಲ್ಲುತ್ತವೆ. ಒಂದು, ಬ್ಲೈಂಡಿಂಗ್, ಅಂದರೆ ಆ ಗುಟ್ಟು, ಮುರಿದ ಮೇಲೆ ಆ ಫಲಿತಾಂಶಕ್ಕೆ ಬೆಲೆಯೇ ಇಲ್ಲ ಎನ್ನುತ್ತದೆ. ಇನ್ನೊಂದು, ಈ ಔಷಧಗಳಿಗೆ ಹಳೆಯ ನಿಯಮ ಹೊಂದುವುದಿಲ್ಲ, ವಿನಾಯಿತಿ ಕೊಡಿ ಎನ್ನುತ್ತದೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಹಾಗೆ ನೋಡಿದರೆ ಮನೋಚಿಕಿತ್ಸೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ಬ್ಲೈಂಡಿಂಗ್ ಸಿಗುವುದೇ ಅಪರೂಪ. ಆದರೂ ಅಲ್ಲಿ ನಾವು ಏನನ್ನೂ ಕಲಿತಿಲ್ಲ ಎನ್ನಲಾಗದು. ಎರಡನೆಯ ಮಾತು ಮಾತ್ರ ನನ್ನನ್ನು ಹೆಚ್ಚು ಕಾಡುತ್ತದೆ. ತನ್ನನ್ನು ಬೇರೆ ತಕ್ಕಡಿಯಲ್ಲಿ ತೂಗಿ ಎಂದು ಕೇಳುವ ಚಿಕಿತ್ಸೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ.

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಅವರು ಆರಿಸಿಕೊಂಡದ್ದು ಖಿನ್ನತೆಗೂ ಬಳಸುವ ಅರಿವಳಿಕೆ ಔಷಧ ಕೆಟಮಿನ್. ಕಟ್ಟುನಿಟ್ಟಾಗಿ ಹೇಳಿದರೆ ಅದು ಸೈಕೆಡೆಲಿಕ್ ಅಲ್ಲ, ಆದರೆ ತೊಡಕು ಒಂದೇ. ಬೇರಾವುದೋ ಶಸ್ತ್ರಚಿಕಿತ್ಸೆಗೆ ಬಂದಿದ್ದ, ಖಿನ್ನತೆಯೂ ಇದ್ದ 40 ಮಂದಿಗೆ ಪೂರ್ಣ ಅರಿವಳಿಕೆಯಲ್ಲಿದ್ದಾಗಲೇ ಕೆಟಮಿನ್ ಇಲ್ಲವೇ ಪ್ಲಾಸಿಬೊ ಕೊಟ್ಟರು. ಎಚ್ಚರವೇ ಇಲ್ಲದವರಿಗೆ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಎರಡೂ ಗುಂಪುಗಳಲ್ಲಿ ಖಿನ್ನತೆ ಗಣನೀಯವಾಗಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು.

ಇದರ ಅರ್ಥವೇನು? ಗುಣ ಬಂದದ್ದು ನಿರೀಕ್ಷೆಯಿಂದ ಎನ್ನಬಹುದು. ಎಚ್ಚರದಲ್ಲಿದ್ದು ಅನುಭವಿಸಿದರೆ ಮಾತ್ರ ಕೆಟಮಿನ್ ಕೆಲಸ ಮಾಡುತ್ತದೆ, ಅರಿವಳಿಕೆ ಅದನ್ನು ಅಳಿಸಿಹಾಕಿತು ಎಂದೂ ಹೇಳಬಹುದು. ಅರಿವಳಿಕೆಯೇ ಖಿನ್ನತೆಯನ್ನು ತಗ್ಗಿಸಿತು ಎಂದರೂ ತಳ್ಳಿಹಾಕುವಂತಿಲ್ಲ. ಯಾವ ಊಹೆಯೂ ಒಂಟಿಯಾಗಿ ಪರೀಕ್ಷೆಗೆ ಬರುವುದಿಲ್ಲ, ಬೆನ್ನಿಗೆ ಹಲವು ಊಹೆಗಳನ್ನು ಕಟ್ಟಿಕೊಂಡೇ ಬರುತ್ತದೆ ಎಂದು ಫ್ರೆಂಚ್ ಭೌತವಿಜ್ಞಾನಿ ಪಿಯರ್ ದುಹೆಮ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಭೌತವಿಜ್ಞಾನ. ಮನಸ್ಸಿನ ಔಷಧಗಳ ವಿಷಯದಲ್ಲಿ ಆ ಮಾತು ಇನ್ನೂ ತೀಕ್ಷ್ಣವಾಗುತ್ತದೆ. ಔಷಧದ ಒಟ್ಟು ಫಲದಿಂದ ಪ್ಲಾಸಿಬೊದ ಫಲವನ್ನು ಕಳೆದರೆ ಉಳಿಯುವುದು ಔಷಧದ ನಿಜಗುಣ ಎಂಬ ಲೆಕ್ಕಾಚಾರ, ಎರಡೂ ಒಂದನ್ನೊಂದು ಮುಟ್ಟದೆ ಕೆಲಸ ಮಾಡುತ್ತವೆ ಎಂದು ಮೊದಲೇ ನಂಬಿಕೊಂಡಿದೆ. ಮನಃಸ್ಥಿತಿ, ಪರಿಸರ, ಜೊತೆಗಿರುವವರ ಮಾತು ಇವೆಲ್ಲ ಅನುಭವದ ದಿಕ್ಕನ್ನೇ ಬದಲಿಸುವ ಸೈಕೆಡೆಲಿಕ್‌ಗಳಲ್ಲಿ ಆ ಕಳೆಯುವ ಲೆಕ್ಕಕ್ಕೆ ಆಧಾರ ಬಹಳ ದುರ್ಬಲ.

ಆದ್ದರಿಂದ ನಿರೀಕ್ಷೆಯನ್ನು ಕಸವೆಂದು ಗುಡಿಸದೆ ಪ್ರಯೋಗಕ್ಕೆ ಮೊದಲೇ ಅಳೆಯಬೇಕು. ಪ್ರತಿಯೊಬ್ಬರ ಊಹೆಯನ್ನೂ ಕೇಳಿ ದಾಖಲಿಸಿ, ಪ್ರಕಟಿಸಬೇಕು. ಬೇರೆ ಬೇರೆ ಪ್ರಮಾಣಗಳನ್ನು ಹೋಲಿಸಬೇಕು, ವರ್ಷಗಳ ಕಾಲ ರೋಗಿಗಳ ಬೆನ್ನುಹತ್ತಬೇಕು.

ಇಷ್ಟಾದರೂ ಗುಟ್ಟು ನಿಲ್ಲದಿರುವುದಕ್ಕಿಂತ ದೊಡ್ಡ ಗಾಯ ಬೇರೆಯೇ ಇದೆ. ಮಾರ್ಷ್ ಚಾಪೆಲ್‌ನಲ್ಲಿ ಸಿಲೋಸೈಬಿನ್ ಪಡೆದ ಒಬ್ಬ ವಿದ್ಯಾರ್ಥಿ ತೀವ್ರವಾಗಿ ಕಳವಳಗೊಂಡು, ಅವನಿಗೆ ಶಾಮಕ ಚುಚ್ಚುಮದ್ದು ಕೊಡಬೇಕಾಯಿತು. ಪಾಂಕೆಯ ವರದಿಯಲ್ಲಿ ಆ ಚುಚ್ಚುಮದ್ದಿನ ಪ್ರಸ್ತಾಪವೇ ಇರಲಿಲ್ಲ. ಅದನ್ನು ಹೊರತಂದದ್ದು 1991ರಲ್ಲಿ ಪ್ರಕಟವಾದ ಮರುಅಧ್ಯಯನ. 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ನಿರಾಕರಿಸಿತು. ಅದರ ಬೆನ್ನಿಗೇ ಒಂದು ವೈದ್ಯಕೀಯ ಪತ್ರಿಕೆ ಎಂಡಿಎಂಎ ಕುರಿತ ಮೂರು ಹಳೆಯ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಕಾರಣ, ಒಂದು ಪ್ರಯೋಗ ಕೇಂದ್ರದಲ್ಲಿ ನಡೆದ ಅನೈತಿಕ ವರ್ತನೆ ಲೇಖಕರಿಗೆ ಗೊತ್ತಿದ್ದರೂ ಪತ್ರಿಕೆಗೆ ತಿಳಿಸಿರಲಿಲ್ಲ.

ಯಾವ ಔಷಧಕ್ಕೂ ಬಗ್ಗದ ಖಿನ್ನತೆಯಲ್ಲಿ ನರಳುವವರು ಈ ಚಿಕಿತ್ಸೆಗಾಗಿ ಕಾಯುತ್ತಿದ್ದಾರೆ. ಅವರಿಗಾಗಿಯೇ ನಾನು ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ. ಮುಂದಿನ ಪ್ರಬಂಧಗಳಲ್ಲಿ ನಾನು ಮೊದಲು ಹುಡುಕುವುದು ಗುಣವಾದವರ ಸಂಖ್ಯೆಯನ್ನಲ್ಲ. ನಡುವೆ ಬಿಟ್ಟುಹೋದವರು, ಹೆದರಿ ಕಂಗೆಟ್ಟವರು, ಮೊದಲಿಗಿಂತ ಕೆಟ್ಟ ಸ್ಥಿತಿಗೆ ಇಳಿದವರು ಅದರಲ್ಲಿ ಎಲ್ಲಿದ್ದಾರೆ ಎಂದು ಹುಡುಕುತ್ತೇನೆ.