ಸ್ಪಷ್ಟನೆ: ಮೀಥೇನ್ ಬರುವುದು ಹಿಕ್ಕೆಯಿಂದಲ್ಲ, ಕುರಿಯ ತೇಗಿನಿಂದ

‘ಹೊಲದಲ್ಲಿ ಕುರಿ ನಿಲ್ಲಿಸಬೇಡಿ, ಹಿಕ್ಕೆಯ ಮೀಥೇನ್‌ನಿಂದಲೇ ನಮ್ಮೂರ ಬಿಸಿಲು ಏರುತ್ತಿದೆ’ ಎಂಬ ಮೆಸೇಜ್ ಕುಷ್ಟಗಿ, ಯಲಬುರ್ಗಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಭೂಮಿಯನ್ನು ಕಾಯಿಸುವ ಅನಿಲವಾದ ಮೀಥೇನ್ ಅನ್ನು ಕುರಿ ಬಿಡುವುದು ನಿಜ. ಆದರೆ ಬಹುಪಾಲು ಬರುವುದು ಬಾಯಿಂದ. ಮೇವು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟಿದ್ದನ್ನು ಅದು ತೇಗಿ ಹೊರಹಾಕುತ್ತದೆ. ಹಿಕ್ಕೆಯಲ್ಲಿ ಮೀಥೇನ್ ಹುಟ್ಟಲು ಗಾಳಿಯಾಡದ ಹಸಿ ಬೇಕು. ಏಪ್ರಿಲ್ ಬಿಸಿಲಿಗೆ ಎರೆ ಹೊಲದಲ್ಲಿ ಬಿದ್ದ ಹಿಕ್ಕೆ ಒಡೆದು ನೋಡಿ, ಒಳಗೂ ಒಣಗಿರುತ್ತದೆ. ಅಲ್ಲಿಂದ ಏಳುವುದು ತೀರಾ ಕಡಿಮೆ. ಇನ್ನು, ಒಂದೂರಿನ ಮೀಥೇನ್ ಆ ಊರನ್ನಷ್ಟೇ ಕಾಯಿಸುವುದಿಲ್ಲ, ಇಡೀ ಭೂಮಿಯ ಗಾಳಿಗೆ ಸೇರುತ್ತದೆ.

ಹಾಗಂತ ಮೇಯುವುದರಿಂದ ಏನೂ ಆಗಲ್ಲ ಎಂದಲ್ಲ. ಒಣ ನೆಲಕ್ಕೆ ಮುಂಗಾರಿನ ಮೊದಲ ಮಳೆ ಬಿದ್ದಾಗ, ಗಂಜಲ ಇಂಗಿದ ಜಾಗದಿಂದ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಒಮ್ಮೆಲೇ ಏಳಬಹುದು. 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಕಾಯಿಸುತ್ತದೆ. ಮೀಥೇನ್ ಸುಮಾರು 27 ಪಟ್ಟು. ಬೇಸಿಗೆಯ ನಾರಿನ ಮೇವು ಕುರಿಯ ಮೈಗೆ ಹತ್ತುವುದಿಲ್ಲ, ಅಲ್ವಾ? ಹಾಗಾಗಿ ಏರಿದ ಪ್ರತಿ ಕಿಲೋ ತೂಕಕ್ಕೆ ಬಿಟ್ಟ ಮೀಥೇನ್ ಆಗ ಜಾಸ್ತಿ.

ಹಿಂಡು ನಿಲ್ಲುವ ಜಾಗ ಬದಲಿಸುತ್ತಿದ್ದರೆ ಗಂಜಲ ಹರಡಿ ಬೀಳುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಸುಮ್ನೆ ಮೆಸೇಜ್ ನಂಬಿ ಕುರಿಗಾಹಿಗಳನ್ನು ವಾಪಸ್ ಕಳಿಸಬೇಡಿ.