ಹುಣ್ಣಿಮೆಯ ಕಕಾವ್ ದೀಕ್ಷೆ

ಹುಣ್ಣಿಮೆ ಬಂದರೆ ಬೆಳಗಾವಿ ಜಿಲ್ಲೆಯ ಜನ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿ ಹಿಡಿಯುತ್ತಾರೆ. ಹಾಗೆ ಹೋಗಲು ಮುಜುಗರಪಡುವ ಸುಶಿಕ್ಷಿತರ ಅನುಕೂಲಕ್ಕಾಗಿ ಈಗ ನಗರದ ಹೊರಗಿನ ತೋಟದ ಮನೆಯಲ್ಲಿ ಕಕಾವ್ (ಅಂದರೆ ಕೋಕೋ) ಸಮಾರಂಭ ಏರ್ಪಡುತ್ತಿದೆ. ಅರ್ಧ ಕ್ವಿಂಟಲ್ ಜೋಳದ ಬೆಲೆಯನ್ನು ಮುಂಗಡವಾಗಿ ಕಟ್ಟಿದವರು ದುಂಡಗೆ ಕುಳಿತು, ಬಟ್ಟಲನ್ನು ಎದೆಗೊತ್ತಿಕೊಂಡು, ಸಂಕಲ್ಪ ಮಾಡಿ, ಸಕ್ಕರೆಯಿಲ್ಲದ ಬಿಸಿ ಕೋಕೋವನ್ನು ಮುಖ ಕಿವಿಚದೆ ಕುಡಿಯುತ್ತಾರೆ. ಆಗ ಹೃದಯ ತೆರೆದುಕೊಳ್ಳುತ್ತದೆಯಂತೆ.

ಏನಾದರೊಂದು ಆಗಲೇಬೇಕು. ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ಉತ್ತೇಜಕವಿದೆ, ಜೊತೆಗೆ ಒಂದಿಷ್ಟು ಕೆಫೀನೂ ಇದೆ. ಸುಮಾರು 40 ಗ್ರಾಂ ಗಟ್ಟಿ ಕೋಕೋ ಒಮ್ಮೆಲೇ ಹೊಟ್ಟೆಗಿಳಿದರೆ ಎದೆ ಡವಗುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ವೈದ್ಯರಿಗೆ ಹೇಳಿದರೆ ಇಸಿಜಿ ಮಾಡಿಸುತ್ತಾರೆ, ಇಲ್ಲಿ ಹೇಳಿದರೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಹೃದ್ರೋಗಿಗಳೂ ಖಿನ್ನತೆಯ ಕೆಲವು ಬಗೆಯ ಮಾತ್ರೆ ನುಂಗುವವರೂ ದೂರವಿರಬೇಕೆಂದು ಇಂಥ ಆಯೋಜಕರೇ ಎಚ್ಚರಿಸುತ್ತಾರೆ. ಅಂದರೆ ಹೃದಯ ಕೆಟ್ಟವರಿಗೂ ಮನಸ್ಸು ಭಾರವಾದವರಿಗೂ ಪ್ರವೇಶವಿಲ್ಲದ ಹೃದಯ–ಮನಸ್ಸುಗಳ ಚಿಕಿತ್ಸೆ ಇದು.

ಮೆಕ್ಸಿಕೋ–ಗ್ವಾಟೆಮಾಲಾ ಕಡೆಯ ಪ್ರಾಚೀನ ಮಾಯಾ ಮತ್ತು ಆಜ್ಟೆಕ್ ಜನ ಕೋಕೋ ಕುಡಿದದ್ದು, ದೇವರಿಗೆ ಅರ್ಪಿಸಿದ್ದು ನಿಜ. ಅವರು ಅದರ ಬೀಜಗಳನ್ನು ನಾಣ್ಯದಂತೆಯೂ ಚಲಾಯಿಸುತ್ತಿದ್ದರು, ಮತ್ತು ಆ ಒಂದು ಪರಂಪರೆಯನ್ನು ನಮ್ಮ ಆಯೋಜಕರು ಚಾಚೂತಪ್ಪದೆ ಉಳಿಸಿಕೊಂಡಿದ್ದಾರೆ. ಅಪರಿಚಿತರು ಚಾಪೆಯ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂರುವ ಈಗಿನ ರೂಪಕ್ಕೆ ಮಾತ್ರ ಕೆಲವೇ ದಶಕಗಳ ವಯಸ್ಸು. ಅದೇ ಮರ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೂ ಬೆಳೆಯುತ್ತದೆ. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಅದರ ಬೀಜದಿಂದ ಚಾಕೊಲೇಟ್ ಮಾಡುತ್ತಿದೆ. ಆದರೆ ಕೆಂಪು ಬಸ್ಸಿನ ಟಪ್ಪಿನ ಮೇಲೆ ಬರಬಹುದಾದ ಬೀಜಕ್ಕೆ ಆತ್ಮ ಎಲ್ಲಿಂದ ಬರಬೇಕು? ಗ್ವಾಟೆಮಾಲಾದ್ದೇ ಆಗಬೇಕು. ದೂರಕ್ಕೆ ತಕ್ಕ ಪಾವಿತ್ರ್ಯ, ಪಾವಿತ್ರ್ಯಕ್ಕೆ ತಕ್ಕ ದರ.

ಎಲ್ಲಮ್ಮನ ಗುಡ್ಡದಲ್ಲಿ ದೇವಿಯ ನೈವೇದ್ಯದ ಬುಟ್ಟಿ, ಅಂದರೆ ಪಡ್ಡಲಗಿ, ತುಂಬಿಸಿದ ಮೇಲೆ ಪಕ್ಕದ ಚಕ್ಕಡಿಯವರು ಊರು ಕೇಳುವ ಮೊದಲೇ ಕಡಬು ಬಡಿಸಿಬಿಡುತ್ತಾರೆ. ಅಲ್ಲಿ ನೋಂದಣಿಯಾಗಲಿ, ನಂತರದ ಅನುಭವ ಹಂಚಿಕೆಯ ಅವಧಿಯಾಗಲಿ ಇಲ್ಲದಿರುವುದು ದೊಡ್ಡ ಕೊರತೆಯೇ ಸರಿ. ತೋಟದ ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟು. ಕಾಂಪೌಂಡ್ ಗೋಡೆಯ ದಾವೆಯಲ್ಲಿ ವಾದಿ–ಪ್ರತಿವಾದಿಗಳಾಗಿರುವ ಟಿಳಕವಾಡಿಯ ನೆರೆಹೊರೆಯವರಿಬ್ಬರು ಕಳೆದ ಹುಣ್ಣಿಮೆಗೆ ಅಲ್ಲಿ ಅಕ್ಕಪಕ್ಕ ಕುಳಿತು, ಜಗತ್ತಿನ ಸಮಸ್ತ ಜೀವರಾಶಿಯನ್ನು ಕ್ಷಮಿಸಿ, ಬಿಗಿದಪ್ಪಿಕೊಂಡು ಅತ್ತರೆಂದು ಸುದ್ದಿ. ಗೋಡೆಯು ಜೀವರಾಶಿಯಲ್ಲಿ ಸೇರುವುದಿಲ್ಲವೆಂದು ಇಬ್ಬರ ವಕೀಲರೂ ಸ್ಪಷ್ಟಪಡಿಸಿದ್ದಾರೆ.